ಪ್ರಚಾರದ ಮರುದಿನ ಫೋನ್ ಎತ್ತುವವರು ಯಾರು?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಪೇಪರಿನಲ್ಲಿ ಜಾಹೀರಾತು ಕೊಡಬೇಕೆಂದರೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ, ಖರ್ಚು ಎಷ್ಟು? ಬ್ಯಾನರ್, ಕರಪತ್ರ, ವಾಟ್ಸಾಪ್ ಪೋಸ್ಟರ್, ಕೇಬಲ್ ಟಿವಿಯಲ್ಲಿ ಓಡುವ ಪಟ್ಟಿ, ಇವೆಲ್ಲಕ್ಕೂ ಲೆಕ್ಕ ಇರುತ್ತದೆ. ಆದರೆ ಜಾಹೀರಾತಿನ ಕೆಳಗೆ ಅಚ್ಚಾದ ನಂಬರಿಗೆ ಮರುದಿನ ಬೆಳಿಗ್ಗೆ ನೂರು ಜನ ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ಏನು ಹೇಳುತ್ತಾರೆ ಎಂಬುದಕ್ಕೆ ಬಹಳ ಕಡೆ ಲೆಕ್ಕವೇ ಇರುವುದಿಲ್ಲ.

ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಪ್ರಚಾರದ ವಿಷಯ ಮಾರುಕಟ್ಟೆಯ ಅಧ್ಯಾಯದಲ್ಲಿದೆ. ಸಿಬ್ಬಂದಿಯ ತರಬೇತಿ ಇನ್ನೊಂದು ಅಧ್ಯಾಯದಲ್ಲಿದೆ. ಸಂವಹನದ ಅಡೆತಡೆಗಳು ಮತ್ತೊಂದರಲ್ಲಿವೆ. ಪರೀಕ್ಷೆಗೆ ನಾವು ಇವನ್ನು ಬೇರೆ ಬೇರೆಯಾಗಿ ಓದುತ್ತೇವೆ. ಆದರೆ ಪ್ರಚಾರದ ಮರುದಿನ ಆಫೀಸಿನ ಒಂದು ಮೇಜಿನ ಮೇಲೆ ಈ ಮೂರೂ ಅಧ್ಯಾಯಗಳು ಒಟ್ಟಿಗೆ ಬಂದು ಕೂರುತ್ತವೆ. ಆ ದಿನಕ್ಕೆ ಆಫೀಸು ಹೇಗೆ ತಯಾರಾಗಬೇಕು ಎಂಬುದನ್ನು ನಮ್ಮ ರಾಜ್ಯದ ಎರಡು ಉದಾಹರಣೆ ಮತ್ತು ಒಂದು ಲೆಕ್ಕದ ಮೂಲಕ ನೋಡೋಣ.

ಗೃಹಲಕ್ಷ್ಮಿ: ಕೋಟಿ ಜನರ ಸಾಲು

ಗೃಹಲಕ್ಷ್ಮಿ ಯೋಜನೆ ನಮ್ಮೆಲ್ಲರ ಮನೆಗೆ ಗೊತ್ತು. ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿ ಎಂದು ಹೆಸರಿರುವ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ. 2023ರ ಚುನಾವಣೆಗೆ ಮೊದಲೇ ಇದಕ್ಕೆ ಸಿಕ್ಕ ಪ್ರಚಾರ ಎಷ್ಟಿತ್ತೆಂದರೆ, ಅರ್ಜಿ ಆರಂಭವಾಗುವ ಮುಂಚೆಯೇ 'ಫಾರ್ಮ್ ಎಲ್ಲಿ ಸಿಗುತ್ತದೆ?' ಎಂಬ ಪ್ರಶ್ನೆ ಓಣಿ ಓಣಿಯಲ್ಲಿ ಇತ್ತು. ಯೋಜನೆ ಬರುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಡಿಯಲ್ಲಿ. ಇಲಾಖೆಯ ಸಚಿವೆ ಲಕ್ಷ್ಮೀ ಹೆಬ್ಬಾಳಕರ ನಮ್ಮ ಬೆಳಗಾವಿ ಗ್ರಾಮೀಣ ಕ್ಷೇತ್ರದ ಶಾಸಕಿಯಾದ್ದರಿಂದ ಈ ಭಾಗದಲ್ಲಿ ಆ ಮಾತು ಇನ್ನೂ ಹೆಚ್ಚು.

2023ರ ಜುಲೈ 19ರಂದು ನೋಂದಣಿಗೆ ಚಾಲನೆ ಸಿಕ್ಕಿತು. ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಮತ್ತು ಬಾಪೂಜಿ ಸೇವಾ ಕೇಂದ್ರಗಳಲ್ಲಿ ಅರ್ಜಿ ಹಾಕಬೇಕಿತ್ತು. ಎಲ್ಲರೂ ಒಂದೇ ದಿನ ಬಂದರೆ ಯಾವ ಕೇಂದ್ರವೂ ತಡೆಯುವುದಿಲ್ಲ. ಅದಕ್ಕೆ ಸರ್ಕಾರ ಮಾಡಿದ ಏರ್ಪಾಡು ಹೀಗಿತ್ತು. 1902 ಸಹಾಯವಾಣಿಗೆ ಕರೆ ಮಾಡಿದರೆ, ಇಲ್ಲವೇ ಪಡಿತರ ಚೀಟಿಯ ಸಂಖ್ಯೆಯನ್ನು ಎಸ್ಎಂಎಸ್ ಮಾಡಿದರೆ, ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಹೋಗಬೇಕೆಂಬ ಉತ್ತರ ಬರುತ್ತಿತ್ತು. ಆ ಹೊತ್ತಿಗೆ ಹೋಗಲಾಗದವರು ಬೇರೆ ದಿನ ಸಂಜೆ 5ರಿಂದ 7ರೊಳಗೆ ಅದೇ ಕೇಂದ್ರಕ್ಕೆ ಹೋಗಬಹುದಿತ್ತು. ಅರ್ಜಿಗೆ ಕೊನೆಯ ದಿನಾಂಕ ಇಲ್ಲ ಎಂದೂ ಹೇಳಲಾಯಿತು.

ಮೊದಲ ದಿನಗಳಲ್ಲಿ ಸರ್ವರ್ ನಿಧಾನವಾಯಿತು, ಕೇಂದ್ರಗಳ ಮುಂದೆ ಸಾಲು ಬೆಳೆಯಿತು. ಕೆಲವು ದಿನಗಳ ನಂತರ ಎಸ್ಎಂಎಸ್‌ಗೆ ಕಾಯದೆ ನೇರವಾಗಿ ಹೋಗಿಯೂ ಅರ್ಜಿ ಹಾಕಬಹುದು ಎಂದು ನಿಯಮ ಸಡಿಲವಾಯಿತು. ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆ ಉದ್ಘಾಟನೆಯಾಗುವ ಹೊತ್ತಿಗೆ ಒಂದು ಕೋಟಿಗೂ ಹೆಚ್ಚು ಮಹಿಳೆಯರು ಹೆಸರು ನೋಂದಾಯಿಸಿದ್ದರು.

ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆಫೀಸಿನ ಕಣ್ಣಿನಿಂದ ನೋಡಿದರೆ ಮೂರು ಪಾಠಗಳಿವೆ. ಒಂದು, ಬರುವ ಜನರನ್ನು ಬೇರೆ ಬೇರೆ ಹೊತ್ತಿಗೆ ಹಂಚಬೇಕು. ಎರಡು, ಹೇಳಿದ ಹೊತ್ತಿಗೆ ಬರಲಾಗದವರಿಗೆ ಇನ್ನೊಂದು ಬಾಗಿಲು ಇಟ್ಟಿರಬೇಕು. ಮೂರು, ಅವಸರ ಬೇಕಿಲ್ಲದ ಕಡೆ 'ಅವಸರವಿಲ್ಲ' ಎಂದು ಮೊದಲೇ ಹೇಳಬೇಕು. 'ಇಂದೇ ಕೊನೆ' ಎಂದು ಜನ ತಿಳಿದರೆ ಒಬ್ಬರೇ ಹತ್ತು ಸಲ ಫೋನ್ ಮಾಡುತ್ತಾರೆ. 'ಇನ್ನೂ 15 ದಿನ ಇದೆ' ಎಂಬ ಒಂದು ಸಾಲು ಜಾಹೀರಾತಿನಲ್ಲಿಯೇ ಇದ್ದರೆ ಅರ್ಧ ಗದ್ದಲ ಇರುವುದಿಲ್ಲ.

ಎರ್ಲಾಂಗ್ ಹೇಳಿಕೊಟ್ಟ ಲೆಕ್ಕ

ಇಷ್ಟು ಕರೆಗೆ ಇಷ್ಟು ಜನ ಬೇಕು ಎಂದು ಅಂದಾಜು ಮಾಡುವ ಶಾಸ್ತ್ರ ನೂರು ವರ್ಷಕ್ಕಿಂತ ಹಳೆಯದು. ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಫೋನ್ ಕರೆಗಳ ಬಗ್ಗೆ 1909ರಲ್ಲಿ ಮೊದಲ ಲೇಖನ ಬರೆದರು, 1917ರಲ್ಲಿ ತಮ್ಮ ಹೆಸರಾಂತ ಸೂತ್ರಗಳನ್ನು ಪ್ರಕಟಿಸಿದರು. ಇಂದಿಗೂ ಕಾಲ್ ಸೆಂಟರುಗಳು ಅದೇ ಸೂತ್ರಗಳನ್ನು ಬಳಸುತ್ತವೆ. ಕರೆಗಳ ಹೊರೆಯನ್ನು ಅಳೆಯುವ ಮಾನಕ್ಕೂ 'ಎರ್ಲಾಂಗ್' ಎಂದೇ ಹೆಸರು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಸದಾಶಿವನಗರದಲ್ಲಿ ಒಂದು ಟ್ಯೂಷನ್ ಕ್ಲಾಸಿನವರು ಜಾಹೀರಾತು ಕೊಟ್ಟಿದ್ದಾರೆ ಎಂದುಕೊಳ್ಳಿ. ಬೆಳಿಗ್ಗೆ 10ರಿಂದ 11ರೊಳಗೆ 40 ಕರೆ ಬರುತ್ತವೆ. ಒಂದೊಂದು ಕರೆಗೆ ಸರಾಸರಿ 3 ನಿಮಿಷ. ಒಟ್ಟು 120 ನಿಮಿಷದ ಮಾತು, ಅಂದರೆ ಒಂದು ಗಂಟೆಯಲ್ಲಿ ಎರಡು ಗಂಟೆಯ ಕೆಲಸ. ಇದು 2 ಎರ್ಲಾಂಗ್ ಹೊರೆ.

ಒಂದೇ ಫೋನ್ ಇದ್ದರೆ, ಸೂತ್ರದ ಪ್ರಕಾರ ಕರೆ ಮಾಡಿದ ಮೂವರಲ್ಲಿ ಇಬ್ಬರಿಗೆ 'ಬ್ಯುಸಿ' ಎಂದೇ ಕೇಳಿಸುತ್ತದೆ. ಅವರು ಸುಮ್ಮನಿರುವುದಿಲ್ಲ, ಮತ್ತೆ ಮತ್ತೆ ಒತ್ತುತ್ತಾರೆ. ಆಗ 40 ಕರೆ 80 ಆಗುತ್ತದೆ.

ಹಾಗಾದರೆ ಎರಡು ಗಂಟೆಯ ಕೆಲಸಕ್ಕೆ ಇಬ್ಬರು ಸಾಕಲ್ಲವೇ? ಸಾಲದು. ಕರೆಗಳು ಗಡಿಯಾರ ನೋಡಿ ಒಂದೂವರೆ ನಿಮಿಷಕ್ಕೊಂದರಂತೆ ಬರುವುದಿಲ್ಲ. ಒಮ್ಮೆ ಐದು ಒಟ್ಟಿಗೆ ಬರುತ್ತವೆ, ಒಮ್ಮೆ ನಾಲ್ಕು ನಿಮಿಷ ಒಂದೂ ಇರುವುದಿಲ್ಲ. ಹೊರೆ ಎಷ್ಟಿದೆಯೋ ಅಷ್ಟೇ ಜನ ಇದ್ದರೆ ಒಮ್ಮೆ ಬೆಳೆದ ಸಾಲು ಕರಗುವುದೇ ಇಲ್ಲ.

ಕರೆ ಮಾಡಿದವರು ಸಾಲಿನಲ್ಲಿ ಕಾಯುವ ವ್ಯವಸ್ಥೆ ಇದೆ ಎಂದುಕೊಂಡು ಎರ್ಲಾಂಗ್ ಸೂತ್ರ ಹಾಕಿದರೆ ಉತ್ತರ ಹೀಗೆ ಬರುತ್ತದೆ:

ಮೂವರು ಸಿಬ್ಬಂದಿ, ಕರೆಗೆ 3 ನಿಮಿಷ: ನೂರರಲ್ಲಿ 44 ಜನ ಕಾಯಬೇಕು. ಸರಾಸರಿ ಕಾಯುವ ಹೊತ್ತು 80 ಸೆಕೆಂಡ್.

ನಾಲ್ವರು ಸಿಬ್ಬಂದಿ, ಕರೆಗೆ 3 ನಿಮಿಷ: ನೂರರಲ್ಲಿ 17 ಜನ ಕಾಯಬೇಕು. ಸರಾಸರಿ 16 ಸೆಕೆಂಡ್.

ಮೂವರೇ ಸಿಬ್ಬಂದಿ, ಆದರೆ ಕರೆಗೆ 2 ನಿಮಿಷ: ನೂರರಲ್ಲಿ 18 ಜನ ಕಾಯಬೇಕು. ಸರಾಸರಿ 13 ಸೆಕೆಂಡ್.

ಎರಡನೆಯ ಮತ್ತು ಮೂರನೆಯ ಸಾಲನ್ನು ಹೋಲಿಸಿ ನೋಡಿ. ಒಂದು ಕರೆಯಲ್ಲಿ ಒಂದು ನಿಮಿಷ ಉಳಿಸಿದರೆ, ಒಬ್ಬ ಹೊಸ ನೌಕರನನ್ನು ತಂದಷ್ಟೇ ಲಾಭ. ನೌಕರನಿಗೆ ಸಂಬಳ ಕೊಡಬೇಕು, ಕುರ್ಚಿ ಬೇಕು, ಇನ್ನೊಂದು ಫೋನ್ ಬೇಕು. ಒಂದು ನಿಮಿಷ ಉಳಿಸಲು ಬೇಕಾಗುವುದು ಒಂದು ಹಾಳೆ ಮತ್ತು ಹಿಂದಿನ ದಿನದ ಒಂದು ಗಂಟೆ ತಯಾರಿ.

ಆ ಒಂದು ನಿಮಿಷ ಎಲ್ಲಿ ಹೋಗುತ್ತದೆ? ಕರೆ ಮಾಡಿದವರನ್ನು ಅವಸರ ಮಾಡಿ ಫೋನ್ ಇಡಿಸಿ ಎಂದಲ್ಲ. ಸಾಮಾನ್ಯವಾಗಿ ಹೊತ್ತು ಹೋಗುವುದು ಆಫೀಸಿನ ಕಡೆಯಿಂದಲೇ. 'ಒಂದು ನಿಮಿಷ ರೀ, ಸರ್ ಅವರನ್ನು ಕೇಳ್ತೀನಿ', 'ಆ ಫೈಲ್ ಎಲ್ಲೈತಿ ನೋಡ್ತೀನಿ', 'ಪೆನ್ ತಗೊಳ್ಳಿ, ಇಲ್ಲ ತಡೀರಿ'. ಇವು ಮಾತಲ್ಲ, ಹುಡುಕಾಟ. ಹುಡುಕಾಟವನ್ನು ಹಿಂದಿನ ದಿನವೇ ಮುಗಿಸುವುದಕ್ಕೆ ತಯಾರಿ ಎನ್ನುತ್ತಾರೆ.

ಆಪ್ತಮಿತ್ರ: ಎರಡು ಮೆಟ್ಟಿಲಿನ ವ್ಯವಸ್ಥೆ

ಎರಡನೆಯ ಉದಾಹರಣೆ ಕೊರೊನಾ ಕಾಲದ್ದು. 2020ರ ಏಪ್ರಿಲ್ 22ರಂದು ಕರ್ನಾಟಕ ಸರ್ಕಾರ 'ಆಪ್ತಮಿತ್ರ' ಎಂಬ ಸಹಾಯವಾಣಿ ಆರಂಭಿಸಿತು. ನಂಬರ್ 14410. ಲಾಕ್‌ಡೌನ್ ಇತ್ತು, ಜನಕ್ಕೆ ಭಯವಿತ್ತು. ಕೆಮ್ಮು ಬಂದವರೆಲ್ಲ ನೇರವಾಗಿ ಡಾಕ್ಟರ ಜೊತೆಗೇ ಮಾತಾಡಬೇಕೆಂದರೆ ಅಷ್ಟು ಡಾಕ್ಟರು ಎಲ್ಲಿಂದ ಬರಬೇಕು?

ಅದಕ್ಕೆ ಎರಡು ಮೆಟ್ಟಿಲು ಮಾಡಿದರು. ಮೊದಲ ಮೆಟ್ಟಿಲಿನಲ್ಲಿ ಆಯುಷ್, ನರ್ಸಿಂಗ್ ಮತ್ತು ಫಾರ್ಮಸಿ ಓದುತ್ತಿದ್ದ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟು ಕೂರಿಸಿದರು. ಅವರು ನಿಗದಿತ ಪ್ರಶ್ನೆಗಳನ್ನು ಕೇಳಿ ರೋಗಲಕ್ಷಣ ತಿಳಿದುಕೊಳ್ಳುತ್ತಿದ್ದರು. ಅಗತ್ಯ ಇದ್ದವರ ಕರೆ ಮಾತ್ರ ಎರಡನೆಯ ಮೆಟ್ಟಿಲಿನ ಡಾಕ್ಟರಿಗೆ ಹೋಗುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು, ಮೊದಲು ಫೋನ್ ಎತ್ತಿದವರು ವಿದ್ಯಾರ್ಥಿಗಳು. ಅವರಿಗೆ ಎಲ್ಲವೂ ಗೊತ್ತಿರಬೇಕಿರಲಿಲ್ಲ. ತಮಗೆ ಏನು ಹೇಳುವ ಅಧಿಕಾರ ಇದೆ, ಎಲ್ಲಿ ನಿಲ್ಲಿಸಬೇಕು, ಮುಂದೆ ಯಾರಿಗೆ ಕೊಡಬೇಕು ಎಂಬ ಮೂರು ವಿಷಯ ಗೊತ್ತಿದ್ದರೆ ಸಾಕಿತ್ತು. ಸಣ್ಣ ಆಫೀಸಿಗೂ ಇದೇ ಸಾಕು. ಬರುವ ಕರೆಗಳಲ್ಲಿ ಹೆಚ್ಚಿನವು ಅದೇ ಏಳೆಂಟು ಪ್ರಶ್ನೆಗಳು. ಅವಕ್ಕೆ ಮೊದಲ ಮೆಟ್ಟಿಲಿನವರು ಉತ್ತರಿಸಬೇಕು. ಉಳಿದವು ಮ್ಯಾನೇಜರಿಗೋ ಪ್ರಿನ್ಸಿಪಾಲರಿಗೋ ಹೋಗಬೇಕು. ಆದರೆ ಆ 'ಮೇಲಿನವರು' ಒಬ್ಬರೇ ಇರಬೇಕು. ಫಯೋಲ್ ಹೇಳಿದ ಆಜ್ಞೆಯ ಏಕತೆಯನ್ನು ನಾವು ಉದಾಹರಣೆ ಇಲ್ಲದೆ ಬಾಯಿಪಾಠ ಮಾಡುತ್ತೇವೆ. ಇಲ್ಲಿ ಅದು ಕೆಲಸಕ್ಕೆ ಬರುತ್ತದೆ. ಫೀ ಕಂತಿನ ಬಗ್ಗೆ ಒಬ್ಬರು 'ಆಗುತ್ತದೆ', ಇನ್ನೊಬ್ಬರು 'ಆಗುವುದಿಲ್ಲ' ಎಂದರೆ ಮನೆಯವರು ಮೂರನೆಯ ಸಲ ಫೋನ್ ಮಾಡುತ್ತಾರೆ, ಆ ಮೇಲೆ ನಂಬುವುದನ್ನೇ ಬಿಡುತ್ತಾರೆ.

ಒಂದೇ ಹಾಳೆಯ ಉತ್ತರಪತ್ರ

ಜಾಹೀರಾತು ಅಚ್ಚಿಗೆ ಹೋಗುವ ಮುಂಚೆ ಫೋನ್ ಎತ್ತುವವರೆಲ್ಲ ಕುಳಿತು ಅದನ್ನು ಓದಬೇಕು. ಬಹಳ ಸಲ ಆಫೀಸಿನವರಿಗೆ ತಮ್ಮದೇ ಜಾಹೀರಾತು ಗೊತ್ತಾಗುವುದು ಕರೆ ಮಾಡಿದವರಿಂದ. ಓದುತ್ತ 'ಇದನ್ನು ನೋಡಿದವರು ಏನು ಕೇಳಬಹುದು?' ಎಂದು ಪ್ರಶ್ನೆ ಬರೆದುಕೊಳ್ಳಬೇಕು. ಪ್ರತಿ ಪ್ರಶ್ನೆಗೆ ಎರಡು ಸಾಲಿನ ಉತ್ತರ. ಯಾವುದು, ಯಾರಿಗೆ, ಎಷ್ಟು ಹಣ, ಯಾವ ಕಾಗದ ಬೇಕು, ಕೊನೆಯ ದಿನ ಯಾವುದು, ಎಲ್ಲಿಗೆ ಬರಬೇಕು, ಯಾವ ಹೊತ್ತಿಗೆ, ಬರಲಾಗದಿದ್ದರೆ ಏನು. ಈ ಹಾಳೆ ಪ್ರತಿ ಫೋನಿನ ಪಕ್ಕ ಅಂಟಿಸಿರಬೇಕು. ದಿನದ ಕೊನೆಗೆ ಹೊಸ ಪ್ರಶ್ನೆ ಬಂದಿದ್ದರೆ ಉತ್ತರ ಸೇರಿಸಬೇಕು.

ಕರೆ ಹೇಗಿರಬೇಕೆಂದು ಒಮ್ಮೆ ಆಡಿಯೂ ನೋಡಬೇಕು. ಒಬ್ಬರು ಕರೆ ಮಾಡಿದವರಾಗಿ, ಇನ್ನೊಬ್ಬರು ಆಫೀಸಿನವರಾಗಿ:

'ಹಲೋ, ಪೇಪರಿನ್ಯಾಗ ಬಂದೈತಲ್ರಿ, ಆ ಫಾರ್ಮ್ ಎಲ್ಲಿ ಸಿಗ್ತೈತ್ರಿ?'

'ನಮಸ್ಕಾರ್ರಿ, ಕಾಲೇಜ್ ಆಫೀಸ್ ಐತ್ರಿ. ಫಾರ್ಮ್ ಇಲ್ಲೇ ಸಿಗ್ತೈತ್ರಿ. ಯಾವ ಊರಿಂದ ಮಾತಾಡಾಕತ್ತೀರಿ?'

'ಖಾನಾಪುರದಿಂದ್ರೀ.'

'ಹಂಗಾದ್ರ ಸೋಮವಾರ, 12ನೇ ತಾರೀಖು, ಮುಂಜಾನೆ 11ಕ್ಕ ಬರ್ರಿ. ಬರುವಾಗ ಮಾರ್ಕ್ಸ್ ಕಾರ್ಡ್, ಟಿಸಿ, ಆಧಾರ್ ಝೆರಾಕ್ಸ್ ತರ್ರಿ. ನಿಮ್ಮ ಹೆಸರು, ನಂಬರ್ ಬರ್ಕೋತೀನ್ರಿ.'

ಇದಕ್ಕೆ ಎರಡು ನಿಮಿಷವೂ ಬೇಡ. ಊರು ಕೇಳಿದ್ದು ಏಕೆಂದರೆ ದೂರದವರಿಗೆ ಬೆಳಿಗ್ಗೆ 9 ಗಂಟೆ ಕೊಟ್ಟರೆ ಅವರು ಬಸ್ಸಿಗೆ ಒದ್ದಾಡುತ್ತಾರೆ. ಖಾನಾಪುರ ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್. ಮಲಪ್ರಭಾ ಹುಟ್ಟುವ ಕಣಕುಂಬಿ ಕಡೆಯ ಹಳ್ಳಿಗಳವರು ಅದಕ್ಕಿಂತ ದೂರದಿಂದ, ಕಾಡಿನ ದಾರಿಯಿಂದ ಬರಬೇಕು. ಜೂನ್, ಜುಲೈ ಮಳೆಯಲ್ಲಿ ಆ ಕಡೆ ಪ್ರಯಾಣ ಸುಲಭವಲ್ಲ. ಬೇಕಾದ ಕಾಗದಗಳಲ್ಲಿ ಒಂದನ್ನು ಫೋನಿನಲ್ಲಿ ಹೇಳಲು ಮರೆತರೆ ಅವರಿಗೆ ಎರಡನೆಯ ಸಲ ಬಸ್ ಚಾರ್ಜು, ಎರಡನೆಯ ದಿನದ ಕೂಲಿ ಹೋಗುತ್ತದೆ.

'ದಾಖಲಾ' ಅಂದರೆ ಏನು?

ಬೆಳಗಾವಿಯಲ್ಲಿ ಫೋನ್ ಎತ್ತುವವರಿಗೆ ಇನ್ನೊಂದು ಪರೀಕ್ಷೆ ಇದೆ. ಇಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇವೆ. ನಮ್ಮಂಥ ಉರ್ದು ಮಾತಾಡುವ ಮನೆಯಿಂದ ಫೋನ್ ಮಾಡಿದವರು 'ದಾಖ್ಲಾ ಕಬ್ ಹೈ?' ಎಂದರೆ ಅವರು ಕೇಳುತ್ತಿರುವುದು ಅಡ್ಮಿಷನ್ ಬಗ್ಗೆ. ಮರಾಠಿಯವರು 'ದಾಖಲಾ' ಎಂದರೆ ಸರ್ಟಿಫಿಕೇಟ್. ಆದಾಯದ ಸರ್ಟಿಫಿಕೇಟೂ ದಾಖಲಾ, ಶಾಲೆ ಬಿಟ್ಟ ಸರ್ಟಿಫಿಕೇಟೂ ದಾಖಲಾ. ಕನ್ನಡದವರು 'ದಾಖಲೆ' ಎಂದರೆ ಯಾವುದೇ ಕಾಗದಪತ್ರ. ಕೇಳಲು ಒಂದೇ ತರಹದ ಮಾತು, ಅರ್ಥ ಮೂರು. ಫೋನ್ ಎತ್ತಿದವರು ತಮ್ಮ ಮನೆಮಾತಿನ ಅರ್ಥ ಹಿಡಿದು ಉತ್ತರ ಕೊಟ್ಟರೆ ಎದುರಿನವರು ತಪ್ಪು ದಿನ ತಪ್ಪು ಕಾಗದ ಹಿಡಿದು ಬರುತ್ತಾರೆ. 'ಅಡ್ಮಿಷನ್ನೋ, ಸರ್ಟಿಫಿಕೇಟೋ?' ಎಂದು ತಿರುಗಿ ಕೇಳುವುದೇ ಇದಕ್ಕೆ ಮದ್ದು.

ಇನ್ನೊಂದು ಶಬ್ದ 'ಕಲ್'. ಉರ್ದುವಿನಲ್ಲಿ ನಿನ್ನೆಯೂ ಕಲ್, ನಾಳೆಯೂ ಕಲ್. ಅದಕ್ಕೆ ಯಾವ ಭಾಷೆಯಲ್ಲಿ ಮಾತಾಡಿದರೂ ವಾರ ಮತ್ತು ತಾರೀಖು ಎರಡನ್ನೂ ಹೇಳಬೇಕು. ಮೊಬೈಲ್ ನಂಬರನ್ನು ಒಂದೊಂದೇ ಅಂಕಿಯಾಗಿ ತಿರುಗಿ ಓದಿ ಹೇಳಬೇಕು. ಉನಾಸಿ ಎಂದರೆ 79, ನವಾಸಿ ಎಂದರೆ 89. ಗದ್ದಲದಲ್ಲಿ ಎರಡೂ ಒಂದೇ ಕೇಳಿಸುತ್ತವೆ.

ಉತ್ತರಪತ್ರವನ್ನು ಮೂರೂ ಭಾಷೆಯಲ್ಲಿ ಬರೆದಿಡುವುದು ಒಳ್ಳೆಯದು. ಮೂರೂ ಭಾಷೆ ಬರುವ ಒಬ್ಬರಾದರೂ ಪ್ರತಿ ಪಾಳಿಯಲ್ಲಿ ಇರಬೇಕು. ಪಾಳಿ ಹಾಕುವಾಗ ಶುಕ್ರವಾರ ಮಧ್ಯಾಹ್ನವನ್ನು ಮರೆಯಬಾರದು. ಜುಮಾ ನಮಾಜಿಗೆ ಹೋಗುವವರು ಹೋದ ಮೇಲೆ ಫೋನ್ ಹತ್ತಿರ ಯಾರಿರುತ್ತಾರೆ ಎಂದು ಮೊದಲೇ ಬರೆದಿಡಬೇಕು.

ಎತ್ತದ ಕರೆಗೂ ಲೆಕ್ಕ ಇರಲಿ

ಎಷ್ಟು ತಯಾರಿ ಮಾಡಿದರೂ ಕೆಲವು ಕರೆ ತಪ್ಪುತ್ತವೆ. ಅವಕ್ಕೆ ಒಂದು ರಿಜಿಸ್ಟರ್ ಬೇಕು. ಕ್ರಮಸಂಖ್ಯೆ, ಹೆಸರು, ನಂಬರ್, ಪ್ರಶ್ನೆ, ಯಾವಾಗ ತಿರುಗಿ ಕರೆ ಮಾಡುತ್ತೇವೆಂದು ಹೇಳಿದ್ದು, ಮಾಡಿದ್ದು. ಕೊನೆಯ ಕಾಲಂ ಖಾಲಿ ಇರುವಾಗ ಆ ದಿನದ ಕೆಲಸ ಮುಗಿದಿಲ್ಲ ಎಂದೇ ತಿಳಿಯಬೇಕು. ಇದರ ದೊಡ್ಡ ಮಾದರಿ ಕರ್ನಾಟಕದ 'ಸಕಾಲ'. 2011ರ ಕಾಯ್ದೆಯ ಪ್ರಕಾರ 2012ರ ಏಪ್ರಿಲ್ 2ರಂದು ಜಾರಿಯಾದ ಈ ವ್ಯವಸ್ಥೆಯಲ್ಲಿ ಅರ್ಜಿ ಕೊಟ್ಟವರಿಗೆ ಒಂದು ಸಂಖ್ಯೆ ಸಿಗುತ್ತದೆ, ಇಷ್ಟು ದಿನದೊಳಗೆ ಕೆಲಸ ಆಗಬೇಕೆಂಬ ಗಡುವೂ ಇರುತ್ತದೆ. ಕೈಯಲ್ಲಿ ಸಂಖ್ಯೆ ಮತ್ತು ದಿನಾಂಕ ಇದ್ದವರು ದಿನಾ ಫೋನ್ ಮಾಡಿ 'ಏನಾಯ್ತು?' ಎಂದು ಕೇಳುವುದು ಕಡಿಮೆ.

ಕರೆ ಎತ್ತದಿದ್ದರೆ ಇನ್ನೂ ದೊಡ್ಡ ಅಪಾಯ ಒಂದಿದೆ. ಪ್ರಚಾರ ನೋಡಿದವರಿಗೆ ಕೆಲಸ ಆಗಲೇಬೇಕಾಗಿರುತ್ತದೆ. ನಿಜವಾದ ನಂಬರ್ ಬ್ಯುಸಿ ಬಂದರೆ ಅವರು ಗೂಗಲ್‌ನಲ್ಲಿಯೋ ವಾಟ್ಸಾಪ್‌ನಲ್ಲಿಯೋ ಇನ್ನೊಂದು ನಂಬರ್ ಹುಡುಕುತ್ತಾರೆ. ಅಲ್ಲಿ ನಕಲಿ ಸಹಾಯವಾಣಿಯವರು ಮೊದಲ ರಿಂಗಿಗೇ ಎತ್ತುತ್ತಾರೆ, ಬಹಳ ಮರ್ಯಾದೆಯಿಂದ ಮಾತಾಡಿ ಒಟಿಪಿ ಕೇಳುತ್ತಾರೆ. ಅದಕ್ಕೆ ಉತ್ತರಪತ್ರದ ಕೊನೆಯಲ್ಲಿ ಈ ಸಾಲು ಇರಬೇಕು: 'ನಮ್ಮ ಆಫೀಸಿನಿಂದ ಯಾರೂ ಒಟಿಪಿ ಕೇಳುವುದಿಲ್ಲ.' ಯಾರಾದರೂ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಲು ಹೇಳಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಕರೆ ಮಾಡಿದವರ ಆಧಾರ್ ಸಂಖ್ಯೆಯನ್ನು ಚೀಟಿಯ ಮೇಲೆ ಬರೆದು ಮೇಜಿನ ಮೇಲೆ ಬಿಡುವುದೂ ಬೇಡ. ಅದು ಅವರು ನಮ್ಮನ್ನು ನಂಬಿ ಕೊಟ್ಟ ಅಮಾನತ್ತು.

ನಮ್ಮ ಕಾಲೇಜಿಗೆ ಒಂದು ಸಲಹೆ

ಕಾಲೇಜುಗಳಿಗೆ ಈ ದಿನ ಯಾವಾಗ ಬರುತ್ತದೆ ಎಂಬುದು ಗುಟ್ಟೇನಲ್ಲ. ಎಸ್ಎಸ್ಎಲ್‌ಸಿ ಫಲಿತಾಂಶ 2023ರಲ್ಲಿ ಮೇ 8ಕ್ಕೆ, 2024ರಲ್ಲಿ ಮೇ 9ಕ್ಕೆ, 2025ರಲ್ಲಿ ಮೇ 2ಕ್ಕೆ ಬಂತು. ಅಂದು ಮಧ್ಯಾಹ್ನದಿಂದಲೇ ಪಿಯು ಕಾಲೇಜುಗಳ ಫೋನುಗಳು ಮೊಳಗತೊಡಗುತ್ತವೆ. ಹೀಗೆ ಮೊದಲೇ ಗೊತ್ತಿರುವ ದಿನಕ್ಕೆ ತಯಾರಾಗದಿರಲು ಕಾರಣವಿಲ್ಲ. ಏಪ್ರಿಲ್ ಕೊನೆಯ ವಾರದಲ್ಲಿ ಇಷ್ಟು ಮಾಡಬಹುದು:

1. ಕಳೆದ ವರ್ಷ ಫಲಿತಾಂಶದ ವಾರ ಯಾವ ಹೊತ್ತಿಗೆ ಹೆಚ್ಚು ಕರೆ ಬಂದವು ಎಂದು ನೋಡುವುದು. ಲೆಕ್ಕ ಇಟ್ಟಿಲ್ಲದಿದ್ದರೆ ಈ ವರ್ಷದಿಂದ ಇಡುವುದು.

2. ಕರಪತ್ರಗಳನ್ನು ಒಂದೇ ದಿನ ಎಲ್ಲ ಕಡೆ ಹಂಚದೆ, ನಗರಕ್ಕೆ ಒಂದು ದಿನ, ಖಾನಾಪುರಕ್ಕೆ ಎರಡು ದಿನ ಬಿಟ್ಟು ಹಂಚುವುದು.

3. ಮೂರು ಭಾಷೆಯ ಒಂದು ಹಾಳೆಯ ಉತ್ತರಪತ್ರ ತಯಾರಿಸಿ, ಪ್ರಿನ್ಸಿಪಾಲರಿಂದ ಒಪ್ಪಿಗೆ ಪಡೆದು, ಪ್ರತಿ ಫೋನಿನ ಪಕ್ಕ ಇಡುವುದು.

4. ಫೀ ರಿಯಾಯಿತಿ, ಸ್ಕಾಲರ್‌ಶಿಪ್, ಹಾಸ್ಟೆಲ್ ಬಗ್ಗೆ ಕೊನೆಯ ಮಾತು ಯಾರದು ಎಂದು ಒಬ್ಬರ ಹೆಸರು ಗೊತ್ತುಮಾಡುವುದು.

5. ತಿರುಗಿ ಕರೆ ಮಾಡುವ ರಿಜಿಸ್ಟರ್ ತೆರೆದು, ಸಂಜೆ ಆಫೀಸು ಮುಚ್ಚುವ ಮುಂಚೆ ಒಂದು ಗಂಟೆ ಅದಕ್ಕೇ ಇಡುವುದು.

6. ಬೇಕಿದ್ದರೆ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಆ ವಾರ ಇಬ್ಬಿಬ್ಬರಂತೆ ಮೊದಲ ಮೆಟ್ಟಿಲಿನಲ್ಲಿ ಕೂರುವುದು. ಸಿಬ್ಬಂದಿಗೆ ಹೊರೆ ಕಡಿಮೆಯಾಗುತ್ತದೆ, ನಮಗೆ ಪುಸ್ತಕದ ಮೂರು ಅಧ್ಯಾಯಗಳು ಒಂದೇ ವಾರದಲ್ಲಿ ಅರ್ಥವಾಗುತ್ತವೆ.

ಆಫೀಸಿನವರಿಗೆ ಅದು ಆ ದಿನದ 39ನೆಯ ಕರೆ ಇರಬಹುದು. ಆದರೆ ಆ ಕಡೆ ಇರುವವರು ಮನೆಯಲ್ಲಿ ಮೊದಲ ಸಲ ಎಸ್ಎಸ್ಎಲ್‌ಸಿ ಪಾಸಾದ ಹುಡುಗಿಯ ತಾಯಿ ಇರಬಹುದು. ಕಾಲೇಜಿಗೆ ಫೋನ್ ಮಾಡುವುದೇ ಅವರಿಗೆ ಅಂಜಿಕೆಯ ಕೆಲಸ. ಎರಡು ಸಲ ಬ್ಯುಸಿ ಬಂದರೆ, ಮೂರನೆಯ ಸಲ 'ಆಮೇಲೆ ಮಾಡ್ರಿ' ಎಂದರೆ, 'ಹೋಗಲಿ ಬಿಡು' ಎನ್ನುವವರು ಆ ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಕರಪತ್ರದಲ್ಲಿ 'ಬನ್ನಿ' ಎಂದು ಕರೆದವರು ನಾವು. ಅವರು ಕೇಳಿದಾಗ ಸರಿಯಾದ ಉತ್ತರ ಕೊಡುವುದೂ ನಮ್ಮದೇ ಕೆಲಸ.